ಒಂದೇ ಬೇಲಿ, ಎರಡು ಬಣ್ಣ

ಡ್ರಿಲ್ ಮೇಷ್ಟ್ರನ್ನು ಕೇಳಿ

ಪ್ರಶ್ನೆ: ಮೇಷ್ಟ್ರೇ, ಮಗಳ ಬಾಣಂತನಕ್ಕೆಂದು ನಾನೂ ನನ್ನಾಕೆಯೂ ಮೂರು ತಿಂಗಳು ನೆದರ್‌ಲೆಂಡ್ಸ್‌ನ ಆಮರ್ಸ್‌ಫೋರ್ಟ್‌ನಲ್ಲಿದ್ದೆವು. ಒಂದು ಶನಿವಾರ ಅಳಿಯ ನನ್ನನ್ನು ಹತ್ತಿರದ ಸ್ಪಾಕೆನ್‌ಬರ್ಗ್ ಎಂಬ ಊರಿಗೆ ಫುಟ್‌ಬಾಲ್ ಪಂದ್ಯ ತೋರಿಸಲು ಕರೆದುಕೊಂಡು ಹೋದ. ಹೆಚ್ಚೆಂದರೆ ನಮ್ಮ ಪಾಂಡವಪುರದಷ್ಟು ಊರು. ಅಲ್ಲಿ ಎರಡು ಕ್ಲಬ್, ಎರಡು ಕ್ರೀಡಾಂಗಣ, ಅವೂ ಒಂದರ ಪಕ್ಕ ಒಂದು! ಅರ್ಧ ಊರು ಕೆಂಪು, ಅರ್ಧ ಊರು ನೀಲಿ. ಇಬ್ಬರೂ ಸೇರಿ ಒಂದೇ ತಂಡ ಕಟ್ಟಿದರೆ ದೊಡ್ಡ ಕ್ಲಬ್‌ಗಳನ್ನೇ ಮಣಿಸಬಹುದಲ್ಲವೇ? ಇದೆಂಥ ಹಟ?
— ನಿವೃತ್ತ ಗ್ರಾಮಲೆಕ್ಕಿಗರು, ಪಾಂಡವಪುರ

ಉತ್ತರ: ಈ ಸೇರಿಸುವ ಮಾತನ್ನು ಅಲ್ಲಿ ಬಾಯಿಬಿಟ್ಟು ಆಡಲಿಲ್ಲ ತಾನೇ? ಆಡಿದ್ದರೆ ನಿಮ್ಮ ಅಳಿಯ ಆ ಊರಿನ ಕಡೆ ಮತ್ತೆ ತಲೆ ಹಾಕುವಂತಿರಲಿಲ್ಲ.

ನೀವು ನೋಡಿದ ಕೆಂಪು ತಂಡದ ಹೆಸರು ಐಸೆಲ್‌ಮೇರ್‌ಫೋಗೆಲ್ಸ್, ಅಂದರೆ ಐಸೆಲ್‌ಮೇರ್ ಸರೋವರದ ಹಕ್ಕಿಗಳು. ನೀಲಿಯವರಿಗೆ ಊರಿನದೇ ಹೆಸರು. ನೀಲಿ ಹುಟ್ಟಿದ್ದು 1931ರಲ್ಲಿ, ಕೆಂಪು 1932ರಲ್ಲಿ. ಬೆನ್ನಿಗೆ ಬೆನ್ನಾಗಿ ಹುಟ್ಟಿದ ಅಣ್ಣ ತಮ್ಮಂದಿರು ಬದುವಿನ ಮೇಲೆ ಹೇಗೆ ನಿಲ್ಲುತ್ತಾರೆಂದು ಪಹಣಿ ಬರೆದ ನಿಮಗೆ ನಾನು ಹೇಳಬೇಕೇ?

ಆ 1932 ಎಂಬ ವರ್ಷ ಸುಮ್ಮನೆ ಬಂದದ್ದಲ್ಲ. ಊರಿನ ಮೀನುಗಾರರು ತಲೆತಲಾಂತರದಿಂದ ಝೌಡರ್‌ಝೇ ಎಂಬ ಕಡಲಕೊಲ್ಲಿಯನ್ನು ನಂಬಿದ್ದರು. ಆ ವರ್ಷದ ಮೇ ತಿಂಗಳಲ್ಲಿ 32 ಕಿಲೋಮೀಟರ್ ಉದ್ದದ ಒಡ್ಡು ಹಾಕಿ ಕೊಲ್ಲಿಯ ಬಾಯಿ ಮುಚ್ಚಿದರು. ಉಪ್ಪುನೀರು ಬರಬರುತ್ತ ಸಿಹಿಯಾಯಿತು, ಕಡಲ ಮೀನು ಹೋಯಿತು, ಕೊಲ್ಲಿಗೆ ಐಸೆಲ್‌ಮೇರ್ ಎಂದು ಹೊಸ ಹೆಸರು ಬಂತು. ನಮ್ಮ ಕನ್ನಂಬಾಡಿ ಕಟ್ಟೆ ಮುಗಿದದ್ದೂ ಹೆಚ್ಚುಕಡಿಮೆ ಅದೇ ಕಾಲಕ್ಕೆ. ಕಟ್ಟೆಯಿಂದ ನಿಮ್ಮ ಕಡೆಯ ಗದ್ದೆಗೆ ನೀರು ಬಂತು. ಆ ಒಡ್ಡಿನಿಂದ ಅವರ ಬಲೆ ಬರಿದಾಯಿತು. ಆ ವರ್ಷವೇ ಹುಟ್ಟಿದ ಕ್ಲಬ್ಬು ಹೊಸ ಸರೋವರದ ಹೆಸರನ್ನೇ ಎದೆಗೆ ಹಚ್ಚಿಕೊಂಡಿತು. ಇದು ಧೈರ್ಯವೋ ಅಣಕವೋ, ನನಗಿನ್ನೂ ಬಗೆಹರಿದಿಲ್ಲ.

ಪಂದ್ಯ ಶನಿವಾರ ನಡೆಯುವುದು ಭಾನುವಾರ ದೇವರ ದಿನವಾದ್ದರಿಂದ. ಕಟ್ಟಾ ಪ್ರೊಟೆಸ್ಟೆಂಟರ ಊರದು. 1954ರಲ್ಲಿ ಆ ದೇಶದಲ್ಲಿ ಸಂಬಳದ ಫುಟ್‌ಬಾಲ್ ಶುರುವಾದರೂ ಇವೆರಡೂ ಹವ್ಯಾಸಿಗಳ ಸಾಲಿನಲ್ಲೇ ಉಳಿದವು.

ಇನ್ನು ದೊಡ್ಡವರನ್ನು ಮಣಿಸುವ ಮಾತು. ಅದನ್ನು ಅವರು ಬೇರೆ ಬೇರೆಯಾಗಿಯೇ ಮಾಡಿ ತೋರಿಸಿದ್ದಾರೆ ಸ್ವಾಮಿ. 1975ರಲ್ಲಿ ಕೆಂಪಿನವರು ರಾಷ್ಟ್ರೀಯ ಕಪ್‌ನ ಸೆಮಿಫೈನಲ್ ತಲುಪಿ, ಆ ವರ್ಷದ ಅತ್ಯುತ್ತಮ ಕ್ರೀಡಾ ತಂಡವೆಂಬ ದೇಶದ ಪ್ರಶಸ್ತಿಯನ್ನೂ ಹೊತ್ತು ತಂದರು. ಬೇಲಿಯಾಚೆಯವರು ಆ ಹೆಗ್ಗಳಿಕೆಯನ್ನು 48 ವರ್ಷ ಕೇಳಿಸಿಕೊಳ್ಳಬೇಕಾಯಿತು. 2023ರಲ್ಲಿ ನೀಲಿಯವರ ಸರದಿ. ಉನ್ನತ ಲೀಗಿನ ಖ್ರೋನಿಂಗೆನ್ ತಂಡವನ್ನು ಅದರ ಅಂಗಳದಲ್ಲೇ 3-2ರಿಂದ ಸೋಲಿಸಿದರು. ಆಮೇಲೆ ಉಟ್ರೆಕ್ಟ್‌ಗೆ ಹೋಗಿ ಅಲ್ಲಿನ ತಂಡಕ್ಕೆ ನಾಲ್ಕು ಗೋಲು ಬಡಿದು ಬಂದರು. ಸೆಮಿಫೈನಲ್‌ನಲ್ಲಿ ಐಂಡ್‌ಹೋವೆನ್‌ನ ಪಿಎಸ್‌ವಿ 2-1ರಿಂದ ಗೆದ್ದಿತು; ಕೊನೆಗೆ ಕಪ್ ಎತ್ತಿದ್ದೂ ಅದೇ ತಂಡ. ಹೀಗೆ ಕೆಂಪಿನವರು ಮುಗ್ಗರಿಸಿದ ಮೆಟ್ಟಿಲಲ್ಲೇ ನೀಲಿಯವರೂ ಮುಗ್ಗರಿಸಿದರು. ಒಂದು ಮೆಟ್ಟಿಲು ಮೇಲೆ ಹತ್ತಿದ್ದರೆ ಬೇಲಿಯಾಚೆಯವರಿಗೆ ಊಟ ಸೇರುತ್ತಿರಲಿಲ್ಲ.

ನಾನು ಹುಡುಗನಾಗಿದ್ದಾಗ ಮೈಸೂರಿನ ನಮ್ಮ ಮೊಹಲ್ಲಾದಲ್ಲಿ ಬೆನ್ನು ಬೆನ್ನಿನ ಬೀದಿಗಳಲ್ಲಿ ಎರಡು ಗರಡಿಗಳಿದ್ದವು. ಹೆಸರು ಬೇಡ, ಎರಡೂ ಕಡೆ ನನಗೆ ನೆಂಟರಿದ್ದಾರೆ. ಎರಡು ಗರಡಿಗಳ ಉಸ್ತಾದರೂ ಒಂದೇ ಹೋಟೆಲಿನಲ್ಲಿ ಕಾಫಿ ಕುಡಿದವರಲ್ಲ. ಒಂದು ಮಳೆಗಾಲ ನಮ್ಮ ಎದುರಾಳಿ ಗರಡಿಯ ಸೂರು ಕುಸಿದು ಮಟ್ಟಿಯೆಲ್ಲ ಕೆಸರಾಯಿತು. ದಸರಾ ಕುಸ್ತಿಗೆ ತಿಂಗಳೊಪ್ಪತ್ತು ಇತ್ತು. ನಮ್ಮ ಉಸ್ತಾದರು ರಾತ್ರಿ ನಮ್ಮನ್ನು ಎಬ್ಬಿಸಿ, ನಮ್ಮ ಮಟ್ಟಿಯನ್ನೇ ಅಗೆಸಿ, ಮಕ್ಕರಿಗಳಲ್ಲಿ ಹೊರಿಸಿದರು. ಎಣ್ಣೆ, ಮಜ್ಜಿಗೆ, ಅರಿಶಿನ ಹಾಕಿ ಹದ ಮಾಡಿದ ಕೆಮ್ಮಣ್ಣು ಅದು. ಹೆಗಲ ಮೇಲಿನ ಆ ವಾಸನೆ ಮೂರು ಸ್ನಾನಕ್ಕೂ ಹೋಗಲಿಲ್ಲ. ಆ ಗರಡಿಯ ಬಾಗಿಲಲ್ಲಿ ಸುರಿದು, ಯಾರನ್ನೂ ಕೂಗದೆ ಬಂದುಬಿಟ್ಟೆವು. ಮುಂದಿನ ತಿಂಗಳು ದೊಡ್ಡಕೆರೆ ಮೈದಾನದಲ್ಲಿ ಅವರ ಹುಡುಗ ನಮ್ಮ ಪೈಲ್ವಾನನನ್ನು ಚಿತ್ ಮಾಡಿದ. ಉಸ್ತಾದರು ಎದ್ದು ನಿಂತು, “ಮಣ್ಣು ನಮ್ಮದು ಕಣಯ್ಯಾ” ಎಂದು ಮೈದಾನವೆಲ್ಲ ಕೇಳುವಂತೆ ಕೂಗಿದರು.

ಈ ಎರಡು ಗರಡಿಗಳನ್ನು ಒಂದು ಮಾಡಿ ಎಂದು ಅವರಿಗೆ ಹೇಳಿದ್ದರೆ ಮಕ್ಕರಿ ನಿಮ್ಮ ತಲೆಯ ಮೇಲಿರುತ್ತಿತ್ತು.

ಪ್ರಶ್ನೆ: ಡಚ್ ಫುಟ್‌ಬಾಲ್‌ನಲ್ಲಿ ನಿಜವಾದ ಹಗೆತನವೆಂದರೆ ಅಯಾಕ್ಸ್ ಮತ್ತು ಫೆಯೆನೂರ್ಡ್ ನಡುವಿನದಲ್ಲವೇ ಸಾರ್?
— ಕಾಲೇಜು ವಿದ್ಯಾರ್ಥಿ, ಸರಸ್ವತಿಪುರಂ, ಮೈಸೂರು

ಉತ್ತರ: ಹಗೆತನ ಹೌದಪ್ಪ, ನೆರೆಹೊರೆ ಅಲ್ಲ. ಅಯಾಕ್ಸ್‌ನ ಊರು ಆಮ್‌ಸ್ಟರ್‌ಡ್ಯಾಮ್‌ಗೂ ಫೆಯೆನೂರ್ಡ್‌ನ ಊರು ರಾಟರ್‌ಡ್ಯಾಮ್‌ಗೂ ನಡುವೆ ಮೈಸೂರಿನಿಂದ ಮದ್ದೂರಿನವರೆಗಿನಷ್ಟು ದೂರ. ಇವರ ಪಂದ್ಯಕ್ಕೆ 2009ರಿಂದ ಎದುರು ಊರಿನ ಬೆಂಬಲಿಗರನ್ನು ಒಳಗೇ ಬಿಡುತ್ತಿಲ್ಲ. ಎದುರಾಳಿಯ ಮುಖ ಕಾಣದೆ ಅಣಕಿಸುವುದರಲ್ಲಿ ಏನು ಸೊಗಸಿದೆಯೋ ನನಗೆ ತಿಳಿಯದು. ಸ್ಪಾಕೆನ್‌ಬರ್ಗ್‌ನಲ್ಲಾದರೆ ಸೋತವನು ಸೋಮವಾರ ಬ್ರೆಡ್ ತರಲು ಹೋದ ಅಂಗಡಿಯಲ್ಲೇ ಗೆದ್ದವನು ನಿಂತಿರುತ್ತಾನೆ.

ಪ್ರಶ್ನೆ: ನಮ್ಮ ಯಜಮಾನರದು ಬೆಂಗಳೂರು ತಂಡ, ಮಗನದು ಚೆನ್ನೈ ತಂಡ. ಐಪಿಎಲ್ ಬಂತೆಂದರೆ ಇಬ್ಬರ ಊಟದ ತಟ್ಟೆಯೂ ಬೇರೆ ಬೇರೆ ಕೋಣೆಗೆ. ಏನು ಮಾಡಲಿ?
— ಗೃಹಿಣಿ, ಮಂಡ್ಯ

ಉತ್ತರ: ಮಂಡ್ಯದಲ್ಲಿ ಕುಳಿತು ಚೆನ್ನೈ ತಂಡವೇ! ನಿಮ್ಮ ಹುಡುಗನ ಗುಂಡಿಗೆ ಗಟ್ಟಿಯಾಗಿದೆ ತಾಯಿ. ಇಬ್ಬರಿಗೂ ಊಟ ಅಡುಗೆಮನೆಯಲ್ಲೇ ಬಡಿಸಿ, ಹಸಿದವರು ಬರುತ್ತಾರೆ.

ನನ್ನ ಮಾವನವರು ಮೇಲೆ ಹೇಳಿದ ಆ ಇನ್ನೊಂದು ಗರಡಿಯವರು. ನಿಶ್ಚಿತಾರ್ಥದ ದಿನ ಅವರು ನನ್ನ ಜಾತಕ ಕೇಳಲಿಲ್ಲ, ಕಿವಿ ನೋಡಿದರು. ಪಳಗಿದ ಪೈಲ್ವಾನರ ಕಿವಿ ಉಜ್ಜಿ ಉಜ್ಜಿ ಮುದುಡಿರುತ್ತದೆ. ನನ್ನದು ಎಲೆಯ ಹಾಗೆ ನೆಟ್ಟಗಿತ್ತು. “ಆ ಗರಡಿಯಲ್ಲಿ ಇಷ್ಟೇ ಕಲಿಸುವುದು” ಎಂದು ತಮ್ಮವರ ಕಡೆ ತಿರುಗಿ ಹೇಳಿ, ಸಂತೋಷದಿಂದ ತಾಂಬೂಲ ಬದಲಾಯಿಸಿದರು.