ಜ್ಯಾಕ್‌ಫ್ರೂಟಿನ ‘ಜ್ಯಾಕ್’ ಯಾರು?

ಹೆಸರು ಒಂದೇ ಥರ ಇರುವುದರಿಂದ ಆದ ಎಡವಟ್ಟು ಇದು. ಮಂಗಳೂರಿನ ಹಲಸು ಮೇಳದ ಬೋರ್ಡಿನಲ್ಲಿ ‘ವಿಲಿಯಂ ಜ್ಯಾಕ್ ಎಂಬ ಸಸ್ಯತಜ್ಞನಿಂದ ಈ ಹೆಸರು’ ಎಂದು ಬರೆಯಬಹುದಾ ಅಂತ ಕೇಳಿದ್ದೀರಲ್ಲ, ಬೇಡ.

ಮೊದಲು ಇಸವಿ ನೋಡಿ. ಆ ಜ್ಯಾಕ್ ಹುಟ್ಟಿದ್ದು 1795ರಲ್ಲಿ. ಗಾರ್ಸಿಯಾ ದ ಒರ್ತಾ ಎಂಬ ಪೋರ್ಚುಗೀಸ್ ವೈದ್ಯ ಗೋವೆಯಲ್ಲಿ 1563ರಲ್ಲೇ ಅಚ್ಚು ಹಾಕಿಸಿದ ಪುಸ್ತಕದಲ್ಲಿ ಈ ಹಣ್ಣು ‘ಜಾಕ’ ಎಂದೇ ಇದೆ. ಅದಕ್ಕೂ ಹಿಂದೆ, 14ನೇ ಶತಮಾನದಲ್ಲಿ, ಜೋರ್ಡಾನಸ್ ಎಂಬ ಪಾದ್ರಿ ‘ಚಾಕಿ’ ಎಂದು ಬರೆದಿದ್ದಾನೆ. ಮೂಲ ಮಲಯಾಳದ ‘ಚಕ್ಕ’. ಅದಕ್ಕೆ ದೂರ ಹೋಗುವುದೇ ಬೇಡ, ಕಾಸರಗೋಡಿನ ನೆಂಟರನ್ನು ಕೇಳಿದರೂ ಸಾಕು! ‘ಚ’ ಹೋಗಿ ‘ಜ’ ಆದದ್ದು ಪೋರ್ಚುಗೀಸರ ಕಿವಿಗೆ ಹಾಗೆ ಕೇಳಿಸಿದ್ದರಿಂದ ಇರಬೇಕು. ಇದು ನನ್ನ ಊಹೆ, ಬೋರ್ಡಿಗೆ ಹಾಕಬೇಡಿ.

ಆಮೇಲೆ ದೊಡ್ಡ ಇಂಗ್ಲಿಷ್ ನಿಘಂಟಿನಲ್ಲಿ ‘ಜ್ಯಾಕ್‌ಫ್ರೂಟ್’ ತೆಗೆದು ವ್ಯುತ್ಪತ್ತಿ ಓದಿ. ಕಾರಿನ ಜ್ಯಾಕಿನ ಪುಟಕ್ಕೆ ಹೋದರೆ ಮತ್ತೆ ದಾರಿ ತಪ್ಪುತ್ತದೆ.

ಬೋರ್ಡಿಗೆ ಇಷ್ಟು ಬರೆಯಿರಿ: ‘ಮಲಯಾಳದ ಚಕ್ಕ, ಪೋರ್ಚುಗೀಸಿನ ಜಾಕ, ಇಂಗ್ಲಿಷಿನ ಜ್ಯಾಕ್‌ಫ್ರೂಟ್’. ನಮ್ಮ ಹಲಸು, ತುಳುವಿನ ಪೆಲಕಾಯಿ, ಕೊಂಕಣಿಯ ಪಣಸ ಇವನ್ನು ಈ ಸಾಲಿಗೆ ಸೇರಿಸಬೇಡಿ. ಬೇಕಿದ್ದರೆ ಕೆಳಗೆ ಬೇರೆ ಸಾಲಿನಲ್ಲಿ ಹಾಕಿ.