ಪ್ಯಾರಾ ಎಸ್‌ಎಫ್ ದೊಡ್ಡದೋ, ಮಾರ್ಕೋಸ್ ದೊಡ್ಡದೋ?

ಪ್ರಶ್ನೆ: ಸರ್ ನಮಸ್ಕಾರ, ನಾನು ಗದಗ-ಬೆಟಗೇರಿಯಾಂವ, ಬಿಎ ಎರಡನೇ ವರ್ಷ. ಬೆಳಿಗ್ಗೆ ಗ್ರೌಂಡಿಗೆ ರನ್ನಿಂಗ್‌ಗೆ ಬರೋ ಹುಡುಗರಾಗ ದಿನಾ ಇದ ಜಗಳ, ಪ್ಯಾರಾ ಎಸ್‌ಎಫ್ (ಆರ್ಮಿ ಕಮಾಂಡೋ) ಗ್ರೇಟೋ ಮಾರ್ಕೋಸ್ (ನೇವಿ ಕಮಾಂಡೋ) ಗ್ರೇಟೋ ಎನ್‌ಎಸ್‌ಜಿ (ಉಗ್ರರ ವಿರುದ್ಧದ ಕೇಂದ್ರ ಸರ್ಕಾರದ ಕಮಾಂಡೋ ಪಡೆ) ಗ್ರೇಟೋ ಅಂತ. ರೀಲ್ಸ್ ನೋಡಿದ್ರ ಒಬ್ರನ್ನ ಕಂಡ್ರ ಇನ್ನೊಬ್ರಿಗೆ ಆಗಂಗಿಲ್ಲ ಅನ್ನೋಹಂಗ ತೋರಸ್ತಾರ. ಖರೇನ ಹಂಗ ಇರ್ತೈತೇನ್ರಿ? ಮತ್ತ ನನ್ನ ತಮ್ಮಗ ಪಿಯುಸಿ ಮುಗದೈತಿ, ಮಾರ್ಕೋಸ್ ಹುಚ್ಚು ಹಿಡದೈತಿ, ಅಂವಗ ಏನ್ ಹೇಳ್ಲಿ?

ಉತ್ತರ (ನಿವೃತ್ತ ಸುಬೇದಾರ್, ಧಾರವಾಡ): ತಮ್ಮಾ, ಪೈಪೋಟಿ ಐತಿ, ಇಲ್ಲ ಅಂದ್ರ ಸುಳ್ಳು ಹೇಳಿದಂಗ. ದ್ವೇಷ ಮಾತ್ರ ರೀಲ್ಸ್ ಮಾಡೋರದು, ಅವರಿಗೆ ವ್ಯೂಸ್ ಬೇಕು.

ಖರೇ ಹೇಳ್ಬೇಕಂದ್ರ ಹೊರಗಿನೋರ ಜೋಡಿಗಿಂತ ಮನಿಯೊಳಗಿನೋರ ಜೋಡೀನ ಜಾಸ್ತಿ ಹಗ್ಗ ಎಳದಾಟ. ಪ್ಯಾರಾ ಎಸ್‌ಎಫ್ ಅಂತ ನೀವು ಒಂದ ಹೆಸರಿನ್ಯಾಗ ಮುಗಸ್ತೀರಿ, ಆದ್ರ ಅದರೊಳಗ ಬ್ಯಾರೆ ಬ್ಯಾರೆ ಬಟಾಲಿಯನ್ ಅದಾವ, 9 ಪ್ಯಾರಾ ಬ್ಯಾರೆ, 10 ಪ್ಯಾರಾ ಬ್ಯಾರೆ. 9 ಹುಟ್ಟಿದ್ದು 1966ರಾಗ, ಮರುವರ್ಷ ಅದನ್ನ ಒಡದು 10 ಮಾಡಿದ್ರು, ಒಂದು ಗುಡ್ಡಗಾಡಿಗೆ ಇನ್ನೊಂದು ಮರುಭೂಮಿಗೆ, ಅಂದ್ರ ಖಾಸ್ ಅಣ್ಣ-ತಮ್ಮನ ಪೈಪೋಟಿ ಅದು. 1971ರ ಯುದ್ಧದಾಗ 9ರವರು ಪೂಂಛ್ ಕಡೆ ಮಂಢೋಲ್‌ದಾಗ ರಾತ್ರೋರಾತ್ರಿ ಹೊಕ್ಕು ಪಾಕಿಸ್ತಾನದ ಫಿರಂಗಿ ಒಡದ್ರು, 10ರವರು ಜೈಪುರ ರಾಜಮನೆತನದ ಲೆಫ್ಟಿನೆಂಟ್ ಕರ್ನಲ್ ಭವಾನಿ ಸಿಂಗ್ ಕೈಕೆಳಗ ಸಿಂಧ್ ಒಳಗ ನುಗ್ಗಿ ಛಾಛ್ರೋ ಮ್ಯಾಲೆ ದಾಳಿ ಮಾಡಿದ್ರು. ಯಾವುದು ದೊಡ್ಡದು ಅಂತ ಕೇಳಿದ್ರ ಎರಡೂ ಕಡೆಯವರು ರಾತ್ರಿಪೂರ್ತಿ ವಾದ ಮಾಡ್ತಾರ. ನಮ್ಮ ಕಡೆಯೋರಿಗೆ 21 ಪ್ಯಾರಾ ಮ್ಯಾಲೆ ಜೀವ ಜಾಸ್ತಿ, ಯಾಕಂದ್ರ ಅದು ಮೊದ್ಲ ಮರಾಠಾ ಲೈಟ್ ಇನ್‌ಫೆಂಟ್ರಿಯ ಬಟಾಲಿಯನ್, ಆ ರೆಜಿಮೆಂಟಿನ ಸೆಂಟರ್ ಇಲ್ಲೇ ಬೆಳಗಾವಿಯಾಗ ಐತಿ.

2019ರ ವರ್ಲ್ಡ್ ಕಪ್‌ನ್ಯಾಗ ಧೋನಿ ಗ್ಲೌಸ್ ಮ್ಯಾಲೆ ಬಲಿದಾನ್ ಬ್ಯಾಡ್ಜ್ ಇತ್ತು, ಐಸಿಸಿ ತಗೀರಿ ಅಂತು, ನೆನಪೈತಲ್ಲ? ಮರೂನ್ ಟೊಪ್ಪಿಗಿ ಪ್ಯಾರಾಶೂಟ್ ರೆಜಿಮೆಂಟಿನ ಎಲ್ಲಾರಿಗೂ ಐತಿ, ಆದ್ರ ಆ ಬ್ಯಾಡ್ಜ್ ಎಸ್‌ಎಫ್‌ನೋರಿಗೆ ಅಷ್ಟ. ನಾನು ಇನ್‌ಫೆಂಟ್ರಿಯಾಗ ಇದ್ದಾಂವ, ನಮಗ ಬ್ಯಾಡ್ಜೂ ಇಲ್ಲ ಮರೂನ್ ಟೊಪ್ಪಿಗೀನೂ ಇಲ್ಲ, ಅವರು ಬಂದ್ರ ಕಾಡಸೋರು, ನಾವು ‘ನೀವು ಎರಡು ದಿನದ ಬೀಗರು, ವರ್ಷಪೂರ್ತಿ ಪೋಸ್ಟ್ ಕಾಯೋರು ನಾವು’ ಅಂತ ತಿರುಗಿ ಕೊಡ್ತಿದ್ವಿ. ಆದ್ರ ರಾತ್ರಿ ಅವರು ಹೊರಬೀಳೋ ಮುಂಚೆ ರೇಡಿಯೋ ಬ್ಯಾಟರಿ ಚಾರ್ಜ್ ಮಾಡಿ ಇಡೋದು, ಯಾವ ನಾಲಾದಾಗ ನೀರ್ ಏರೈತಿ ಅಂತ ಹೇಳೋದು ನಾವ, ಮತ್ತ ಅವರೂ ಅದನ್ನ ಕಿವಿಗೊಟ್ಟು ಕೇಳೋರು.

ಇನ್ನ ಎನ್‌ಎಸ್‌ಜಿ. ಅದರ ಸ್ಪೆಷಲ್ ಆಕ್ಷನ್ ಗ್ರೂಪ್‌ನ್ಯಾಗ ಇರೋರೆಲ್ಲಾ ಆರ್ಮಿಯಿಂದ ಡೆಪ್ಯುಟೇಶನ್ ಮ್ಯಾಲೆ ಬಂದೋರು, ಟೈಮ್ ಮುಗದ ಮ್ಯಾಲೆ ವಾಪಸ್ ತಮ್ಮ ಯೂನಿಟ್‌ಗೆ ಹೋಗ್ತಾರ. ಬೆಂಗಳೂರಿನ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಅವರನ್ನ ನಾವು ಎನ್‌ಎಸ್‌ಜಿ ಕಮಾಂಡೋ ಅಂತ ನೆನಸ್ತೀವಿ, ಅವರ ಮೂಲ ಬಿಹಾರ್ ರೆಜಿಮೆಂಟ್. ಹಂಗಿದ್ದಾಗ ಎನ್‌ಎಸ್‌ಜಿ ವರ್ಸಸ್ ಆರ್ಮಿ ಅಂತ ನಿಮ್ಮ ಗ್ರೌಂಡ್‌ನ್ಯಾಗ ಟೀಮ್ ಹೆಂಗ ಮಾಡ್ತೀರಿ? ಪ್ಯಾರಾಶೂಟ್ ಜಂಪ್ ಕಲಸೋ ಆಗ್ರಾದ ಸ್ಕೂಲ್ ಏರ್‌ಫೋರ್ಸಿಂದು, ಅಲ್ಲಿ ಪ್ಯಾರಾದೋರಿಗೂ ಮಾರ್ಕೋಸ್‌ನೋರಿಗೂ ಏರ್‌ಫೋರ್ಸಿನ ಕಮಾಂಡೋ ಗರುಡದೋರಿಗೂ ಕಲಸೋರು ಅವರ. 2024ರ ಮಾರ್ಚ್‌ದಾಗ ಕಡಲ್ಗಳ್ಳರು ಹಿಡದಿದ್ದ ಎಂವಿ ರುಯೆನ್ ಹಡಗು ಬಿಡಿಸಿದ್ರಲ್ಲ, ಮಾರ್ಕೋಸ್‌ನೋರು ಸಮುದ್ರಕ್ಕ ಹಾರಿದ್ದು ಏರ್‌ಫೋರ್ಸಿನ ಸಿ-17 ವಿಮಾನದಿಂದ, 35 ಕಡಲ್ಗಳ್ಳರು ಶರಣಾದ್ರು, 17 ಮಂದಿ ಸಿಬ್ಬಂದಿ ಉಳದ್ರು. ಗರುಡದ ಕಾರ್ಪೊರಲ್ ಜ್ಯೋತಿ ಪ್ರಕಾಶ್ ನಿರಾಲಾ 2017ರಾಗ ಬಂಡಿಪೋರಾದಾಗ ಹುತಾತ್ಮರಾದಾಗ ಇದ್ದಿದ್ದು ಆರ್ಮಿಯ ರಾಷ್ಟ್ರೀಯ ರೈಫಲ್ಸ್ ಜೋಡಿ, ಏರ್‌ಫೋರ್ಸ್ ಹುಡುಗ, ಅಶೋಕ ಚಕ್ರ ಬಂತು.

ಹಂಗಂತ ಎಲ್ಲಾ ಸಕ್ಕರಿ ಅಲ್ಲ. ತ್ರಾಸು ಬರೋದು ಹುಡುಗರ ಕಾಡಸೋದ್ರಿಂದ ಅಲ್ಲ, ಹುಕುಂ ಯಾರದು ಅನ್ನೋದು ಖಚಿತ ಇಲ್ದಾಗ. 1980ರಾಗ ಅಮೆರಿಕದೋರು ಇರಾನ್‌ದಾಗ ಒತ್ತೆಯಾಳು ಬಿಡಸಾಕ ಹೋದ್ರು, ಡೆಲ್ಟಾ ಫೋರ್ಸ್ ಆರ್ಮಿದು, ಹೆಲಿಕಾಪ್ಟರ್ ನೇವಿದು, ಅದನ್ನ ಹಾರಸಾಕ ಮರೀನ್ಸ್, ದೊಡ್ಡ ವಿಮಾನ ಏರ್‌ಫೋರ್ಸಿಂದು, ಎಲ್ಲಾ ಸೇರಿ ಹಿಂದ ಅಂಥಾ ಕೆಲಸ ಮಾಡಿದ್ದಿಲ್ಲ. ಮರುಭೂಮಿಯಾಗ ಹೆಲಿಕಾಪ್ಟರ್ ಕೆಟ್ಟು, ವಾಪಸ್ ಬರೋ ಹೊತ್ನ್ಯಾಗ ವಿಮಾನಕ್ಕ ಬಡದು 8 ಮಂದಿ ಸತ್ರು. ಆಮ್ಯಾಲೆ 1987ರಾಗ ಅಲ್ಲಿ ಎಲ್ಲಾ ಸೇರಿಸಿ ಒಂದು ಕಮಾಂಡ್ ಬಂತು. ನಮ್ಮಲ್ಲಿ 26/11ರಾಗ ಕಮಾಂಡೋಗಳ ಪೈಕಿ ತಾಜ್ ಹೋಟೆಲ್‌ಗೆ ಮೊದ್ಲ ಹೊಕ್ಕಿದ್ದು ಮುಂಬೈಯಾಗ ಇದ್ದ ಮಾರ್ಕೋಸ್, ಎನ್‌ಎಸ್‌ಜಿ ದಿಲ್ಲಿಯಿಂದ ಬರಾಕ ಮರುದಿನ ಬೆಳಗಾತು, ಆಮ್ಯಾಲೆ ಟಿವಿಯೋರು ಯಾರು ಜಾಸ್ತಿ ಮಾಡಿದ್ರು ಅಂತ ಹಚ್ಚಿಕೊಟ್ಟು ಕೂತ್ರು. ಕೋಣಿ ಕೋಣಿ ಹುಡುಕಿ ಹೊಡಿಯೋದು ಎನ್‌ಎಸ್‌ಜಿ ದಿನದ ಕೆಲಸ, ಹಡಗು ಹತ್ತೋದು ಮಾರ್ಕೋಸ್ ದಿನದ ಕೆಲಸ, ಅದನ್ನ ಯಾರೂ ಹೇಳ್ಲಿಲ್ಲ. ಮೂರೂ ಸೇನೆಯ ಕಮಾಂಡೋಗಳಿಗೆ ಒಂದು ಜಂಟಿ ಡಿವಿಜನ್ ಆಗಿದ್ದು 2019ರಾಗ, ನನ್ನ ಕೇಳಿದ್ರ ಭಾಳ ತಡ ಆತು.

ನಿನ್ನ ತಮ್ಮಗ ಹೇಳು, ಮಾರ್ಕೋಸ್‌ಗೆ ಅಂತ ಮನಿಯಿಂದ ಸೀದಾ ಯಾರನ್ನೂ ತಗೋಳಂಗಿಲ್ಲ. ಮೊದ್ಲ ನೇವಿ ಸೇರ್ಬೇಕು, ಅಲ್ಲಿಂದ ತಾನ ಮುಂದ ಬಂದು ಹೆಸರು ಕೊಡ್ಬೇಕು, ಸೆಲೆಕ್ಷನ್‌ನ್ಯಾಗ ಹೆಚ್ಚಿನೋರು ವಾಪಸ್ ಬರ್ತಾರ, ಬಂದ್ರೂ ನೇವಿ ನೌಕರಿ ಐತಿ, ಅದಕ್ಕ ನೇವಿ ಕೆಲಸನ ಮೊದ್ಲ ಮನಸಿಗೆ ಬಂದೈತೇನ ಅಂತ ಕೇಳು. ಮತ್ತ ಈಜು ಬರ್ತೈತೇನ? ತೋಟದ ಬಾವಿಯಾಗ ಧುಮುಕೋದಲ್ಲ, ಬಟ್ಟಿ ಮ್ಯಾಲೆ, ದೂರ ದೂರ. ಬರಂಗಿಲ್ಲ ಅಂದ್ರ ಪುಷ್‌ಅಪ್ ರೀಲ್ಸ್ ಬಿಟ್ಟು ಈ ಬ್ಯಾಸಗಿಯಾಗ ಅದನ್ನ ಕಲೀಲಿ.