ಬಾಕ್ಸ್ ಹೊರಗೆ ಕೀಪರ್ ಕೈ ಹಾಕಿದರೆ ರೆಡ್ಡೇ ಆಗಬೇಕಾ?

ಫುಟ್ಬಾಲ್‌ನಲ್ಲಿ ಪೆನಾಲ್ಟಿ ಬಾಕ್ಸ್ (ಗೋಲಿನ ಮುಂದೆ ಕೀಪರ್ ಕೈ ಬಳಸಬಹುದಾದ ಜಾಗ) ಹೊರಗೆ ಗೋಲ್‌ಕೀಪರ್ ಚೆಂಡಿಗೆ ಕೈ ಹಾಕಿದರೆ ನೇರ ರೆಡ್ ಕಾರ್ಡ್ (ಆಟದಿಂದಲೇ ಹೊರಗೆ) ಅಲ್ವಾ ಅಂತ ಕೇಳಿದ್ದೀರಿ. ಹಾಗೇನಿಲ್ಲ. ಅಲ್ಲಿ ಕೀಪರ್ ಕೂಡ ಉಳಿದ ಹತ್ತು ಜನರ ಹಾಗೆಯೇ. ಎದುರಾಳಿಗೆ ಡೈರೆಕ್ಟ್ ಫ್ರೀ ಕಿಕ್ (ನೇರ ಗೋಲಿಗೇ ಒದೆಯಬಹುದಾದ ಕಿಕ್) ಖಂಡಿತ, ಕಾರ್ಡ್ ಮಾತ್ರ ಸಂದರ್ಭ ನೋಡಿ: ಖಚಿತ ಗೋಲಿನ ಅವಕಾಶ ತಪ್ಪಿಸಿದರೆ ರೆಡ್, ಒಳ್ಳೇ ದಾಳಿ ತಡೆದರೆ ಯೆಲ್ಲೋ (ಎಚ್ಚರಿಕೆ). ಕಾಲು ಎಲ್ಲಿದೆ ಅನ್ನೋದು ಲೆಕ್ಕಕ್ಕಿಲ್ಲ, ಕೈ ಚೆಂಡಿಗೆ ತಾಗಿದ ಜಾಗ ಮುಖ್ಯ (ಗೆರೆಯೂ ಬಾಕ್ಸಿಗೇ ಸೇರಿದ್ದು).

2025ರ ಇಂಗ್ಲೆಂಡಿನ ಎಫ್‌ಎ ಕಪ್ ಫೈನಲ್‌ನಲ್ಲಿ ಕ್ರಿಸ್ಟಲ್ ಪ್ಯಾಲೇಸ್‌ನ ಕೀಪರ್ ಹೆಂಡರ್ಸನ್ ಬಾಕ್ಸ್ ಹೊರಗೆ ಎದುರಾಳಿ ಮ್ಯಾಂಚೆಸ್ಟರ್ ಸಿಟಿಯ ಹಾಲಂಡ್ ಮುಂದಿದ್ದ ಚೆಂಡನ್ನು ಕೈಯಲ್ಲಿ ತಳ್ಳಿದರು. ಹಾಲಂಡ್ ಓಟ ಗೋಲಿನ ಕಡೆಗಿರಲಿಲ್ಲ ಅಂತ ವಿಎಆರ್ (ವಿಡಿಯೋ ನೋಡಿ ತೀರ್ಪು ಪರಿಶೀಲಿಸೋ ವ್ಯವಸ್ಥೆ) ರೆಡ್ ಬೇಡ ಎಂದಿತು. ರೆಡ್ ಇಲ್ಲ ಅಂದಮೇಲೆ ಫ್ರೀ ಕಿಕ್ ಕೊಡಿಸೋ ಅಧಿಕಾರವೂ ವಿಎಆರ್‌ಗೆ ಇರಲಿಲ್ಲ. ಆಮೇಲೆ ಅದೇ ಹೆಂಡರ್ಸನ್ ಪೆನಾಲ್ಟಿ ತಡೆದರು, ಪ್ಯಾಲೇಸ್ 1-0 ಗೆದ್ದಿತು. ನನ್ನನ್ನು ಕೇಳಿದರೆ, ಅಲ್ಲಿ ರೆಡ್ ಕೊಡಬೇಕಿತ್ತು.